ಮೂರನೆಯ ವಾರ

ಬಾ ಯೆರ್ಕೊ, ಕೋಟನ್ನು ಆ ಗೂಟಕ್ಕೆ ಹಾಕು.
ಬೀದಿಯ ಗಾಳಿ ಇನ್ನೂ ನಿನ್ನ ಕಿವಿಯಲ್ಲೇ ಇದೆ,
ಕೂಗಿ ಮಾತಾಡುತ್ತಿದ್ದೀಯ. ಮೆಲ್ಲಗೆ.
ಏಳನೆಯ ಮಂಚ ಈಗಷ್ಟೇ ಕಣ್ಣು ಮುಚ್ಚಿದೆ,
ಇಲ್ಲವೇ ಮುಚ್ಚಿದಂತೆ ನಟಿಸುತ್ತಿದೆ.

ಗಾಳಿ ಎದ್ದ ದಿನ, ಜನ ಹಿಡಿದು ನಡೆಯಲೆಂದು
ಬೀದಿಬದಿಗೆ ಹಗ್ಗ ಕಟ್ಟುವ ಊರು ಈ ಪುಂತಾ ಅರೇನಾಸ್;
ಈ ಬಾಗಿಲ ಒಳಗೆ ಶೂಗಳ ದಾರವನ್ನೂ ಬಿಚ್ಚಿಡುತ್ತೇವೆ.
ಎರಡೂ ಒಂದೇ ಕಾರಣಕ್ಕೆ.
ಅರ್ಥವಾಗಲು ನನಗೆ ಆರು ವರ್ಷ ಬೇಕಾಯಿತು.

ವರದಿ ಕೇಳು. ಅಬ್ದೋನ್ ಮನ್ಸೀಯಾ, ಅರವತ್ತೊಂದು.
ನಲವತ್ತು ಬೇಸಿಗೆ ಕುರಿಯ ಉಣ್ಣೆ ಕತ್ತರಿಸಿದ ಕೈ.
ಮೊದಲ ವಾರ ಗೋಡೆಗೆ ಮುಖ. ಬಾಯಿ ಒಣಗಿತು, ಸೂಪು ತಳ್ಳಿದ.
ಎರಡನೆಯ ವಾರ ದಡಕ್ಕನೆ ಎದ್ದವನು
ಕಣ್ಣು ಕತ್ತಲೆಗಟ್ಟಿ ಕಿಟಕಿಯ ಕಟ್ಟೆ ಹಿಡಿದುಕೊಂಡ.
ಅದಕ್ಕೇ ಹೇಳುವುದು: ಮೊದಲು ಮಗ್ಗುಲು, ಆಮೇಲೆ ಕಾಲು ಕೆಳಗೆ,
ನೂರು ಎಣಿಸಲಿ, ಆಮೇಲೆ ನಿಲ್ಲಲಿ.
ಎಣಿಸುವುದು ಅವನಿಗೆ ಕಲಿಸಬೇಕಿಲ್ಲ.

ತಂಗಿ ಒತೀಲಿಯಾ ಭಾನುವಾರ ಥರ್ಮಾಸಿನಲ್ಲಿ ತರುತ್ತಾಳೆ
ಸಂತ ಜುವಾನನ ಸೊಪ್ಪಿನ ಕಷಾಯ. ಪ್ರೀತಿಯಿಂದಲೇ.
ಈ ಮಾತ್ರೆಗೂ ಅದಕ್ಕೂ ಎಣ್ಣೆ ಸೀಗೆಕಾಯಿ.
ಬೈಯಬೇಡ; ಥರ್ಮಾಸ್ ತೊಳೆದು ಕೊಡು, ಯಾಕೆಂದು ಹೇಳು.
ಮೈ ಬೆವರಿ, ಕೈಕಾಲು ಸೆಟೆದು ನಡುಗಿ,
ಜ್ವರವೇರಿ ಮಾತು ಅಡ್ಡಾದಿಡ್ಡಿಯಾದರೆ
ಕಂಬಳಿ ಹೊದಿಸಿ ಕೂರಬೇಡ, ಡಾಕ್ಟರನ್ನು ಎಬ್ಬಿಸು.
ಬೈದರೆ ಬೈಸಿಕೋ.

ಇನ್ನು ಮೂರನೆಯ ವಾರ.
ಇಂದು ಬೆಳಿಗ್ಗೆ ಅಬ್ದೋನ್ ಗಡ್ಡ ಬೋಳಿಸಿಕೊಂಡ.
ಟೀಗೆ ಇನ್ನೊಂದು ಚಮಚ ಸಕ್ಕರೆ ಕೇಳಿದ.
ನೆಲ ಒರೆಸುವ ಗ್ಲಾದೀಸಳಿಗೆ ತನ್ನ ಸಾಣೆಕಲ್ಲು ಕೊಟ್ಟ,
ಅಪ್ಪನ ಕಾಲದ್ದು, ನಡುವೆ ಸವೆದು ದೋಣಿಯಂತಾದದ್ದು.
ವಾರ್ಡಿಗೆ ವಾರ್ಡೇ ಹಿಗ್ಗಿತು, ಮನುಷ್ಯ ಮರಳಿ ಬಂದನೆಂದು.

ನನ್ನ ಹೊಟ್ಟೆಯಲ್ಲಿ ಮಾತ್ರ ಕಲ್ಲು ಬಿತ್ತು.

ಯಾಕೆ ಅಂತೀಯ? ಕೆಳಗಿನ ಡ್ರಾಯರ್ ತೆಗೆ.
ಆ ಕೆಂಪು ಕೈಗವಸು. ನನ್ನ ಮೊದಲ ವರ್ಷ,
ದ್ರಾಗಿತ್ಸಾ ಎಂಬವಳು ಹೆಣೆದು ಕೊಟ್ಟಳು, ನಗುತ್ತ.
ನಾನು ಚಾರ್ಟಿನಲ್ಲಿ ಬರೆದೆ: ‘ಸುಧಾರಿಸಿದ್ದಾರೆ.’
ನನ್ನ ಅಕ್ಷರ ಆಗ ದುಂಡಗಿತ್ತು.
ಮೂರು ದಿನ ಕಳೆದು ಅವಳ ಮಂಚಕ್ಕೆ ಹೊಸ ಹೊದಿಕೆ.
ಇಪ್ಪತ್ತೆರಡು ಚಳಿಗಾಲ ಅದನ್ನು ತೊಟ್ಟಿಲ್ಲ, ಎಸೆದೂ ಇಲ್ಲ.

ಮದ್ದು ಮೊದಲು ಕೈಕಾಲಿಗೆ ಬಲ ಕೊಟ್ಟೀತು,
ಮನಸ್ಸಿನ ಸರದಿ ಆಮೇಲೆ.
ನಡುವೆ ಕೆಲವು ದಿನಗಳಿವೆಯಲ್ಲ,
ಅಲ್ಲಿ ಯಾರಾದರೂ ಇರಬೇಕು.

ಮಧ್ಯಾಹ್ನ ಸ್ಟೂಲು ಎಳೆದುಕೊಂಡು ಕೂತೆ, ಕೇಳಿಯೇಬಿಟ್ಟೆ,
ಸುತ್ತಿ ಬಳಸದೆ: ಅಬ್ದೋನ್, ಸಾಯಬೇಕು ಅನ್ನಿಸುತ್ತಿದೆಯೇ?
ಕೇಳಿದರೆ ಆ ಯೋಚನೆ ಹುಟ್ಟುತ್ತದೆಂದು ನಿನ್ನಜ್ಜಿ ಹೇಳಿರಬಹುದು.
ಹುಟ್ಟುವುದಿಲ್ಲ. ಒಳಗೆ ನಿಂತೇ ಇದ್ದದ್ದಕ್ಕೆ
ಕೂರಲು ಜಾಗ ಸಿಗುತ್ತದೆ.
ಗಾಳಿ ಗಾಜನ್ನು ಮೂರು ಸಲ ಗುದ್ದಿತು.
ಅವನು ಟೋಪಿಯ ಮಡಿಕೆ ಬಿಡಿಸಿ ನನ್ನ ಅಂಗೈಗೆ ಸುರಿದ:
ನುಂಗಿದಂತೆ ಮಾಡಿ ಉಳಿಸಿಕೊಂಡವು,
ಉಣ್ಣೆಯ ಎಳೆ ಅಂಟಿಸಿಕೊಂಡವು.
‘ಟೋಪಿ ಭಾರವಾಗಿತ್ತು, ಸೆನ್ಯೋರಾ’ ಎಂದ.

ಡಾಕ್ಟರಿಗೆ ಹೇಳಿಯಾಗಿದೆ. ನಾಳೆಯಿಂದ ಹನಿ ಔಷಧಿ.
ನಾಲಿಗೆ ಎತ್ತಿ ಎನ್ನುವಾಗ ಪೊಲೀಸನ ಹಾಗೆ ನಿಲ್ಲಬೇಡ;
ಮೊದಲು ನೀರು ಕೊಡು, ನೀನೂ ಒಂದು ಗುಟುಕು ಕುಡಿ.
ಹದಿನೈದು ನಿಮಿಷ ದಾಟದಂತೆ ಹೋಗಿ ನೋಡು,
ಆದರೆ ಗಡಿಯಾರದ ಮುಳ್ಳಿನ ಹಾಗೆ ಹೋಗಬೇಡ,
ಹೇಳಿದೆನಲ್ಲ, ಅವನಿಗೆ ಎಣಿಕೆ ಬರುತ್ತದೆ.
ಎಚ್ಚರವಿದ್ದರೆ ಕುರಿಯ ಮಾತು ತೆಗೆ:
ಉಣ್ಣೆ ಬಿಡಿಸುವುದು ಹೊಟ್ಟೆಯಿಂದಲೋ, ಬೆನ್ನಿನಿಂದಲೋ.
ನನಗೆ ಅರ್ಧ ಮಾತ್ರ ಹೇಳಿದ್ದಾನೆ.

ಕೈಗವಸು ಅಲ್ಲೇ ಇಡು. ಇಂದು ಬರೆದದ್ದು ಓದಿದೆಯಾ?
‘ಮಾತಾಡಿದ್ದಾರೆ.’ ಅಷ್ಟೆ.
ನನ್ನ ಬಸ್ಸಿನ ಹೊತ್ತಾಯಿತು.
ಇಲ್ಲ, ತಡೆ, ಏಳನೆಯ ಮಂಚ ಮಗ್ಗುಲು ಬದಲಿಸಿತು.
ನೀನು ಹೋಗು.
ನಾನು ಇಲ್ಲಿಂದಲೇ ನೋಡುತ್ತಿರುತ್ತೇನೆ.